ಆಸಿಡ್‌ಗೂ ಬಗ್ಗದ ಗೋಡೆ

ಕಫ ಪರೀಕ್ಷೆಯ ಆ ಸಣ್ಣ ಕೋಣೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಬಣ್ಣದಕ್ಕ ಎಂದೇ. ಉಗುರು ಸಂದಿಯ ಕೆಂಪು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ಕೆಲಸವೇನೋ ಹೇಳುವುದಕ್ಕೆ ಸುಲಭ. ಗಾಜಿನ ಸ್ಲೈಡಿನ ಮೇಲೆ ಕಫ ಸವರಿ, ಕೆಂಪು ಬಣ್ಣ ಸುರಿದು, ಹಬೆಯಾಡುವವರೆಗೆ ಬಿಸಿ ಮಾಡಬೇಕು. ಆಮೇಲೆ ಆಸಿಡ್‌ನಿಂದ ತೊಳೆದು, ಮೇಲೊಂದು ನೀಲಿ. ಆಸಿಡ್ ಬಿತ್ತೆಂದರೆ ಉಳಿದವೆಲ್ಲ ಕೆಂಪು ಬಿಟ್ಟು ನೀಲಿಯಾಗುತ್ತವೆ. ಕ್ಷಯದ ಕ್ರಿಮಿ ಮಾತ್ರ ಜಪ್ಪಯ್ಯ ಅಂದರೂ ಬಿಡುವುದಿಲ್ಲ.

"ಯಾಕೆ ಬಿಡಲ್ಲ ಡಾಕ್ಟ್ರೇ?" ಎಂದು ಒಮ್ಮೆ ಕೇಳಿದ್ದಳು.

"ಗೋಡೆ ಕಣಮ್ಮ, ಮೇಣದ ಗೋಡೆ," ಎಂದರು ಡಾಕ್ಟರಮ್ಮ. "ಕಟ್ಟೋದು ಅದರ ಮೈಮೇಲಿನ ಪ್ರೋಟೀನುಗಳು. ಒಂದು ಸಕ್ಕರೆ ಸರ ಹೆಣೆಯುತ್ತೆ, ಇನ್ನೊಂದು ಮೇಣ ಅಂಟಿಸುತ್ತೆ, ಕೆಲವು ಬಾಗಿಲಾಗಿ ನಿಲ್ತವೆ. ಅವು ಕೈಬಿಟ್ರೆ ಕ್ರಿಮಿಯ ಆ ಕಡ್ಡಿಯಂಥ ಆಕಾರವೇ ಉಳಿಯಲ್ಲ. ನಮ್ಮ ಮಾತ್ರೆಗಳಲ್ಲಿ ಕೆಲವು ಆ ಮೇಸ್ತ್ರಿಗಳ ಕೈ ಕಟ್ಟಿಹಾಕೋದಕ್ಕೇ ಇರೋದು."

ಅವಳು ಬೆರಗಾಗಿ ನಿಂತಳು. ಕಣ್ಣಿಗೇ ಕಾಣದ ಜೀವ, ಅದಕ್ಕೆ ಇಷ್ಟು ಜನ ಕೆಲಸದವರು! ಮೈ ಬೆಳೆದಂತೆಲ್ಲ ಗೋಡೆಯೂ ಬೆಳೆಯಬೇಕು, ಎಲ್ಲೂ ಬಿರುಕು ಬಿಡಬಾರದು. ಅವಳ ಮನೆಯ ಬಚ್ಚಲು ಗೋಡೆ ಸೋರುವುದನ್ನು ನಿಲ್ಲಿಸಲು ಈವರೆಗೆ ಯಾವ ಮೇಸ್ತ್ರಿಯಿಂದಲೂ ಆಗಿರಲಿಲ್ಲ.

ಅದೇ ಕ್ರಿಮಿ ತಂಗಿಯ ಎದೆಯಲ್ಲಿ ಬಂದು ಕೂತಾಗ ಬೆರಗೇನೂ ಹೋಗಲಿಲ್ಲ, ಅದರ ಜೊತೆಗೆ ಭಯವೂ ಸೇರಿಕೊಂಡಿತು. ತಂಗಿ ಮಾಸ್ಕ್ ಹಾಕಿಕೊಂಡು ಮಹಡಿಯ ಕೋಣೆ ಸೇರಿದಳು. ಅವಳ ಪುಟ್ಟ ಮಗಳು ಕೆಳಗೆ ಅಜ್ಜಿಯ ಬಳಿ ಉಳಿದು, ಮಾಸ್ಕ್ ಹಾಕಿದ ಅಮ್ಮನನ್ನು ದೂರದಿಂದಲೇ ನೋಡುತ್ತಿದ್ದಳು. ಎರಡು ತಿಂಗಳು ಮಾತ್ರೆ ನುಂಗಿದ ಮೇಲೆ ಕಫದಲ್ಲಿ ಕೆಂಪು ಕಾಣದಿದ್ದರೆ ಮಗುವನ್ನು ಎತ್ತಿಕೊಳ್ಳಬಹುದು ಎಂದಿದ್ದರು ಡಾಕ್ಟರಮ್ಮ.

ಆ ದಿನ ಬಂತು. ಮೈಕ್ರೋಸ್ಕೋಪಿನ ಲೆನ್ಸಿಗೂ ತಂಗಿಯ ಕಫದ ಸ್ಲೈಡಿಗೂ ನಡುವೆ ಎಂದಿನಂತೆ ಒಂದು ಹನಿ ಎಣ್ಣೆ ಬಿಟ್ಟು ಬಣ್ಣದಕ್ಕ ಕಣ್ಣಿಟ್ಟಳು. ಮೊದಲ ನೋಟಕ್ಕೇ ಕೆಂಪು ಕಡ್ಡಿಗಳು. "ಗೆದ್ದೆಯಲ್ಲೋ ಮಹಾರಾಯ," ಎಂದು ಗೊಣಗಿದಳು.

ಆದರೆ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ನೋಡನೋಡುತ್ತ ತಿಳಿಯಿತು, ಆ ಕಡ್ಡಿಗಳು ಕಫದಲ್ಲಿಲ್ಲ, ಮೇಲಿನ ಎಣ್ಣೆಯಲ್ಲಿ ತೇಲುತ್ತಿವೆ. ಹಿಂದಿನ ರೋಗಿಯ ಸ್ಲೈಡಿನ ತುಂಬ ಕೆಂಪಿತ್ತು. ಅದನ್ನು ನೋಡಿದ ಮೇಲೆ ಲೆನ್ಸಿನ ತುದಿ ಒರೆಸುವುದನ್ನೇ ಮರೆತಿದ್ದಳು. ಇಷ್ಟು ವರ್ಷ ಮಾಡದ ತಪ್ಪನ್ನು ತಂಗಿಯ ಸರದಿ ಬಂದಾಗಲೇ ಮಾಡಬೇಕೆ?

ಲೆನ್ಸ್ ಒರೆಸಿದಳು. ಅದೇ ಕಫದಿಂದ ಹೊಸ ಸ್ಲೈಡು ಮಾಡಿದಳು. ಮತ್ತೆ ಬಣ್ಣ, ಬೆಂಕಿ, ಆಸಿಡ್. ಈ ಅಂಚಿನಿಂದ ಆ ಅಂಚಿಗೆ ಹುಡುಕಿದರೂ ಬರೀ ನೀಲಿ. ಅಂಥ ಗೋಡೆ ಕಟ್ಟಿದವರೂ ಕೈಚೆಲ್ಲಿದ್ದರು. ಡಾಕ್ಟರಮ್ಮನೂ ನೋಡಿ ಹೂಂ ಅಂದರು.

ಬಣ್ಣದಕ್ಕ ಮನೆಗೆ ಫೋನ್ ಮಾಡಿದಳು. "ಏನೂ ಇಲ್ಲ ಕಣೇ. ಇಳಿದು ಹೋಗು."

"ಸರಿಯಾಗಿ ನೋಡಿದ್ಯಾ ಅಕ್ಕಾ?"

"ನೋಡಿದೆ, ಎರಡೆರಡು ಸಲ."

ತಂಗಿ ಫೋನ್ ಕೈಯಲ್ಲಿರುವುದನ್ನೇ ಮರೆತು ದಡದಡನೆ ಮೆಟ್ಟಿಲಿಳಿದ ಸದ್ದು ಕೇಳಿಸಿತು. ಆಮೇಲೆ ಮಾಸ್ಕ್ ಕಿತ್ತ ಸರಕ್ಕೆಂಬ ಸದ್ದು.

"ಅಮ್ಮಾ, ನಿಂಗೂ ಬಾಯಿ ಇದ್ಯಾ?" ಎಂದು ಮಗು ಕೇಳುತ್ತಿತ್ತು.