ನೀರು ಬೀಳದ ಕೂಸು

ಆ ಮಾತನ್ನು ಆಡಿದ್ದು ನಾನೋ ಪಾದ್ರಿಯೋ ಎಂಬುದು ನನಗೆ ಖಚಿತವಿಲ್ಲ. ಪಾದ್ರಿಯೇ ಆಡಿದರೆಂದು ಇಪ್ಪತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ. ಅಕ್ಕ ಹೇಳುವುದೇ ಬೇರೆ. ಇಷ್ಟು ಸಲ ಹೇಳಿದ ಮೇಲೆ, ನಿಜವಾಗಿ ನೆನಪಿರುವುದು ಎಷ್ಟು, ಹೇಳಿ ಹೇಳಿ ರೂಢಿಯಾದದ್ದು ಎಷ್ಟು ಎಂದು ಬೇರ್ಪಡಿಸುವುದು ನನ್ನಿಂದ ಆಗುತ್ತಿಲ್ಲ.

ಅನುಮಾನವಿಲ್ಲದ ಸಂಗತಿಗಳೂ ಇವೆ. ಐವತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ಪುಣೆಯಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದುತ್ತಿದ್ದೆ. ನಮ್ಮದು ಸೊಲ್ಲಾಪುರದ ಕ್ರೈಸ್ತರ ಮನೆ. ಅಪ್ಪ ಗಿರಣಿಯಲ್ಲಿ ನೇಯುತ್ತಿದ್ದರು, ಮನೆಮಾತು ಕನ್ನಡ, ಚರ್ಚಿನ ಪ್ರಾರ್ಥನೆ ಮರಾಠಿ. ಅಕ್ಕನನ್ನು ಅಕ್ಕಲಕೋಟೆಗೆ ಕೊಟ್ಟಿದ್ದರು. ಭಾವ ಅಲ್ಲಿ ಮಾಸ್ತರು, ಓದುವ ಕಾಲಕ್ಕೆ ನಮ್ಮ ಮತಕ್ಕೆ ಬಂದವರು. ಅವರ ತಾಯಿ ಮಾತ್ರ ಲಿಂಗಾಯತರಾಗಿಯೇ ಉಳಿದು, ಮಗನ ಮನೆಯಲ್ಲೇ ದಿನವೂ ಲಿಂಗಪೂಜೆ ಮಾಡಿಕೊಳ್ಳುತ್ತಿದ್ದರು.

ಮದುವೆಯಾಗಿ ಆರು ವರ್ಷಕ್ಕೆ ಅಕ್ಕನಿಗೆ ಹೆಣ್ಣು ಕೂಸು ಹುಟ್ಟಿತು. ತಮ್ಮ ಪದ್ಧತಿಯಂತೆ ಅದಕ್ಕೆ ಲಿಂಗ ಕಟ್ಟಿಸಬೇಕೆಂದು ಅತ್ತೆ ಹಟ ಹಿಡಿದರು. ಅಕ್ಕ ಒಪ್ಪಲಿಲ್ಲ, ತಲೆಗೆ ನೀರು ಹಾಕಿಸಿ ದೀಕ್ಷಾಸ್ನಾನ ಮಾಡಿಸುತ್ತೇನೆ ಅಂದಳು. ಪಾದ್ರಿ ಸೊಲ್ಲಾಪುರದಿಂದ ಬರಲು ಸಿದ್ಧರಿದ್ದರು. ತಡವಾದದ್ದು ನನ್ನಿಂದ. ಪರೀಕ್ಷೆ ಮುಗಿಸಿ ಬರುತ್ತೇನೆ, ನಾನಿಲ್ಲದೆ ಮಾಡಬೇಡಿ ಎಂದು ಕಾರ್ಡು ಬರೆದಿದ್ದೆ. ದೀಕ್ಷಾಸ್ನಾನದಲ್ಲಿ ನನಗೆ ಆಗಲೇ ನಂಬಿಕೆ ಇರಲಿಲ್ಲ. ಸೋದರಮಾವನಾಗಿ ಮುಂದೆ ನಿಲ್ಲುವ ಆಸೆಯೊಂದಿತ್ತು. ಕೂಸು ನಲವತ್ತು ದಿನ ದಾಟಿದ ಮೇಲೆ ವಾಂತಿಭೇದಿ ಹತ್ತಿ ತೀರಿಕೊಂಡಿತು. ನಾನು ರೈಲು ಇಳಿದು ಟಾಂಗಾ ಹಿಡಿದು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು.

ಮಣ್ಣಿಗೆ ಬಂದುಹೋಗಿದ್ದ ಪಾದ್ರಿ ಮೂರನೆಯ ದಿನ ಸಮಾಧಾನ ಹೇಳಲು ಮತ್ತೆ ಬಂದರು. ಪಡಸಾಲೆಯಲ್ಲಿ ಅವರಿಗೆ ಖುರ್ಚಿ ಹಾಕಿದ್ದೆವು. ಅತ್ತೆ ಗೋಡೆಗೆ ಒರಗಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನೆಲದ ಮೇಲೆ ಕೂತಿದ್ದ ಅಕ್ಕ ಕೇಳಿದಳು:

"ಪಾದ್ರಿ ಸಾಹೇಬ್ರ, ಕೂಸಿನ ಮ್ಯಾಲೆ ನೀರ ಬೀಳಲಿಲ್ಲರಿ. ಅದು ಈಗ ಎಲ್ಲೈತ್ರಿ?"

"ನೀರಿನಿಂದ ಯಾರೂ ಉಳಿಯೂದಿಲ್ಲವ್ವಾ. ನೀರು ಬರೇ ಗುರುತು. ಜಗತ್ತು ಹುಟ್ಟೂಕಿಂತ ಮೊದಲ ದೇವರು ತನ್ನವರನ್ನ ಆರಿಸ್ಯಾನ. ಅವರು ಹಸುಗೂಸಾಗಿ ಸತ್ತರೂ ಅವನ ಕಡೆನ ಹೋಗ್ತಾರ."

ಅಕ್ಕ ಉಸಿರು ಬಿಟ್ಟಳು. "ಚಾ ಇಡ್ತೀನ್ರಿ" ಎಂದು ನೆಲಕ್ಕೆ ಕೈಯೂರಿ ಏಳತೊಡಗಿದಳು. ಅಲ್ಲಿಗೆ ಬಿಡಬಹುದಿತ್ತು.

"ಆರಿಸಿದವರೊಳಗ ಈ ಕೂಸು ಐತಿ ಅಂತ ನಿಮಗ ಹೆಂಗ ಗೊತ್ರಿ?" ಎಂದೆ.

"ದೇವರು ದಯಾಳು ಅದಾನಪ್ಪಾ."

"ದಯಾದ ಮಾತು ಬ್ಯಾರೆರಿ. ಆರಿಸ್ಯಾನ ಅಂದ ಮ್ಯಾಲೆ ಬಿಟ್ಟವರೂ ಇರಬೇಕಲ್ಲ? ಈ ಕೂಸು ಅದರಾಗೋ ಇದರಾಗೋ, ಒಂದ ಹೇಳ್ರಿ."

ಭಾವ ನನ್ನ ಮೊಣಕೈ ಹಿಡಿದು ಜಗ್ಗಿದರು. ಪಾದ್ರಿ ಕನ್ನಡಕ ತೆಗೆದು ಧೋತರದ ಚುಂಗಿಗೆ ಒರೆಸಿಕೊಂಡರು. ಆಗ ಆ ಮಾತು ಬಂತು: "ಅದು ಯಾರಿಗೂ ಗೊತ್ತಿಲ್ಲ." ನನ್ನ ನೆನಪಿನಲ್ಲಿ ಅದು ಪಾದ್ರಿಯ ದನಿ, ಸೋತ ದನಿ.

ಅತ್ತೆ ಮೊರ ಕೆಳಗಿಟ್ಟರು. "ಕೂಸಂದ್ರ ಜ್ವಾಳೇನೋ ತಮ್ಮಾ, ಹರಳು ಅಂತ ಆರಿಸಿ ಒಗಿಯಾಕ? ನಮ್ಮಾಗ ಲಿಂಗ ಕಟ್ಟಿದ್ರ ಕೂಸು ಶಿವನ ಪಾಲು, ಮುಗೀತು. ಪುಣೇಕ ಹೋಗಿ ಇದನ್ನ ಕಲತು ಬಂದೇನು?"

ಅಕ್ಕ ಎದ್ದವಳು ಒಲೆಯ ಕಡೆ ಹೋಗಲಿಲ್ಲ. ಅತ್ತೆಯ ಮುಂದೆ ಕೂತಳು. "ಅತ್ತೀ, ಅವತ್ತ ಕಟ್ಟಿಸಿದ್ರ ಆಗತಿತ್ತೇನ್ರಿ?"

ಅತ್ತೆ ಸೊಸೆಯ ಕೈಗೆ ಮೊರ ಕೊಟ್ಟು ತಾವೇ ಚಹಾ ಮಾಡಲು ಒಳಗೆ ಹೋದರು. ಪಾದ್ರಿ ಚಹಾ ಕುಡಿಯದೆ ಹೊರಟರು.

ಎರಡು ವರ್ಷದ ಮೇಲೆ ಹುಟ್ಟಿದ ಗಂಡುಮಗುವಿಗೆ ಅಕ್ಕ ತಾನೇ ಮುಂದಾಗಿ ಲಿಂಗ ಕಟ್ಟಿಸಿದಳು. ಚರ್ಚಿಗೆ ಮತ್ತೆ ಕಾಲಿಡಲಿಲ್ಲ; ಭಾವ ಒಬ್ಬರೇ ಹೋಗಿಬರುತ್ತಿದ್ದರು. ದೇವರನ್ನೇ ನಂಬದ ನಾನು ಇದಕ್ಕೆ ಮರುಗಬೇಕಾದ್ದಿರಲಿಲ್ಲ. ಮರುಗಲೂ ಇಲ್ಲ. ಎಳೆಗೂಸನ್ನೂ ಬಿಡದ ಸಿದ್ಧಾಂತದ ಕ್ರೌರ್ಯಕ್ಕೆ ಉದಾಹರಣೆಯಾಗಿ ಪುಣೆಯ ಗೆಳೆಯರ ನಡುವೆ ಈ ಕಥೆಯನ್ನು ಎಷ್ಟೋ ಸಲ ಹೇಳಿದೆ. ಪಾದ್ರಿ ಕನ್ನಡಕ ಒರೆಸುವುದನ್ನು ಅಭಿನಯಿಸಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು.

ಹೋದ ವರ್ಷ ಅಕ್ಕನ ಮುಂದೆಯೂ ಅದೇ ಕಥೆ ತೆಗೆದೆ. ಅವಳು ಸಿಟ್ಟಿಲ್ಲದೆ ಅಂದಳು: "ಯಾರಿಗೂ ಗೊತ್ತಿಲ್ಲ ಅಂತ ಅವರೆಲ್ಲಿ ಅಂದ್ರೋ? ನೀನ ಅಂದಿ. ಅವರು ನಮ್ಮ ಕೂಸು ಆರಿಸಿದ್ದ ಐತಿ ಅನ್ನಾಕತ್ತಿದ್ರು. ನೀ ಅನ್ನಗೊಡಲಿಲ್ಲ."

ಪಾದ್ರಿ ಈಗಿಲ್ಲ. ಅತ್ತೆಯೂ ಇಲ್ಲ. ಭಾವನನ್ನು ಕೇಳಿದರೆ ತಮಗೆ ನೆನಪಿಲ್ಲ ಅನ್ನುತ್ತಾರೆ. ಆ ದಿನ ಪಾದ್ರಿಯ ಮೇಲೆ ನಾನು ಎಸೆದ ವಿದ್ಯೆಯೆಲ್ಲ ಪ್ರಾಧ್ಯಾಪಕರೊಬ್ಬರು ಬರೆಸಿದ ಎರಡು ಪುಟದ ಟಿಪ್ಪಣಿ. ಆ ಸಿದ್ಧಾಂತದ ಮೂಲ ಗ್ರಂಥವನ್ನು ನಾನು ತೆರೆದೂ ನೋಡಿರಲಿಲ್ಲ. ಅಕ್ಕನ ಮಾತು ಕೇಳಿದ ಮೇಲೆ ಮುಂಬಯಿಯ ಒಂದು ಗ್ರಂಥಾಲಯದಲ್ಲಿ ಕೂತು ನೋಡಿದೆ. ಮುನ್ನೂರೈವತ್ತು ವರ್ಷಗಳಷ್ಟು ಹಿಂದೆ ಹಾಲೆಂಡಿನಲ್ಲಿ, ಈ ಆಯ್ಕೆಯ ಸಿದ್ಧಾಂತವನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದ ಪಂಡಿತರೇ ಸೇರಿ ಬರೆದ ನಿರ್ಣಯಗಳಲ್ಲಿ ಒಂದು ಕಲಮಿದೆ. ನಂಬಿಕೆಯುಳ್ಳ ತಂದೆತಾಯಿ, ದೇವರು ಎಳವೆಯಲ್ಲೇ ಕರೆದುಕೊಂಡ ತಮ್ಮ ಕೂಸಿನ ಆಯ್ಕೆಯ ಬಗ್ಗೆ ಸಂಶಯಪಡಬಾರದು ಎಂಬುದು ಅದರ ತಾತ್ಪರ್ಯ; ಅಕ್ಕ ಹೇಳುವಂತೆ ಪಾದ್ರಿ ಆಡಹೊರಟಿದ್ದ ಮಾತು. ಎರಡು ಬೇರೆ ಬೇರೆ ಅನುವಾದಗಳನ್ನು ಹೋಲಿಸಿ ನೋಡಿದೆ. ಎರಡರಲ್ಲೂ ಇದೆ.