ಏನೂ ಹಾಕದ ಸಾಲು

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಶೋಧನಾ ಕೇಂದ್ರದ ಎರಡನೇ ಮಹಡಿಯಲ್ಲಿ ಒಂದೇ ಕೋಣೆಯ ದೀಪ ಉರಿಯುತ್ತಿದೆ. ಬಾಗಿಲಲ್ಲಿ ಚಪ್ಪಲಿ ಕಳಚಿ, ಒಳಗಿನ ರಬ್ಬರ್ ಚಪ್ಪಲಿ ಮೆಟ್ಟಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿರುವ ಈ ಹೆಂಗಸನ್ನು ಇಲ್ಲಿಯವರೆಲ್ಲ 'ಅಡುಗೆ ಮೇಡಂ' ಎಂದು ಕರೆಯುತ್ತಾರೆ. ಕೈಗವಸು ತೊಡುವ ಮುಂಚೆ ಅವರು ತಮ್ಮ ಮೊಬೈಲನ್ನು, ಪತ್ರಿಕೆಗೆ ಬರೆಯಲೆಂದು ಬಂದಿರುವ ನನ್ನ ಕೈಗೆ ಕೊಡುತ್ತಾರೆ.

"ಇದು ಒಳಗೆ ಬರೋ ಹಾಗಿಲ್ಲ. ನೀವು ಗಾಜಿನಾಚೆ ಕೂತ್ಕೊಳ್ಳಿ. ನಮ್ಮಕ್ಕನ ಫೋನ್ ಬಂದ್ರೆ ಗಾಜು ತಟ್ಟಿ. ಬೇರೆ ಯಾರದಾದ್ರೂ ಬಂದ್ರೆ ಬಿಡಿ, ಹೊಡ್ಕೊಳ್ಳಲಿ."

ಅಕ್ಕನಿಗೆ ಸ್ತನ ಕ್ಯಾನ್ಸರ್. ನಡುವೆ ನಿಂತುಹೋದ ಚಿಕಿತ್ಸೆ ಮತ್ತೆ ಶುರುವಾಗಬಹುದೋ ಇಲ್ಲವೋ ಎನ್ನುವುದು ಇವತ್ತಿನ ರಕ್ತಪರೀಕ್ಷೆಯ ಮೇಲೆ ನಿಂತಿದೆ. ಆಸ್ಪತ್ರೆ ತೆರೆಯುವುದಕ್ಕೆ ಇನ್ನೂ ಹೊತ್ತಿದೆ. ಅಲ್ಲಿಯವರೆಗೆ ಕೈಕಟ್ಟಿ ಕೂರುವ ಜಾಯಮಾನ ಈಕೆಯದಲ್ಲ.

ಬೀರುವಿನಂಥ ಪೆಟ್ಟಿಗೆಯೊಂದರ ಬಾಗಿಲು ತೆರೆಯುತ್ತದೆ. ಅದರೊಳಗೆ ಹಗಲೂ ರಾತ್ರಿ ಮನುಷ್ಯನ ಮೈಯಷ್ಟೇ ಬಿಸಿ. ಅಲ್ಲಿಂದ ಚಪ್ಪಟೆಯಾದ ಪಾರದರ್ಶಕ ಬಾಟಲಿಯೊಂದನ್ನು ತೆಗೆದು ಗಾಜಿನತ್ತ ಎತ್ತಿ ತೋರಿಸುತ್ತಾರೆ. ತಳದಲ್ಲಿ ತೆಳ್ಳಗೆ ಹರಡಿದ ದ್ರವ.

"ನಿನ್ನೆ ಗುಲಾಬಿ ಬಣ್ಣ ಇತ್ತು. ಈಗ ಹಳದಿಗೆ ತಿರುಗಿದೆ ನೋಡಿ. ಹಾಕಿದ್ದನ್ನೆಲ್ಲ ತಿಂದು ಗಲೀಜು ಮಾಡ್ಕೊಂಡು ಕೂತಿವೆ. ಥೇಟ್ ಮಕ್ಕಳ ಹಾಗೆ." ಮುಖಗವಸಿನೊಳಗಿಂದ ಮಾತು ಅರ್ಧಂಬರ್ಧ ಕೇಳುತ್ತದೆ, ನಗು ಮಾತ್ರ ಕಣ್ಣಲ್ಲೇ ಕಾಣುತ್ತದೆ.

ಬಾಟಲಿಯಲ್ಲಿರುವುದು ಮನುಷ್ಯನ ಕ್ಯಾನ್ಸರ್ ಕೋಶಗಳು. ಎಂದೋ, ಎಲ್ಲಿಯೋ, ಹೆಸರು ಗೊತ್ತಿಲ್ಲದ ಒಬ್ಬ ರೋಗಿಯ ಗಡ್ಡೆಯಿಂದ ಬಂದು, ಕೈಯಿಂದ ಕೈಗೆ ದಾಟಿ, ಇಂದಿಗೂ ಬೆಳೆಯುತ್ತಲೇ ಇರುವಂಥವು. ಹಳೇ ದ್ರವ ಹೀರಿ ತೆಗೆದು ಹೊಸದು ಹಾಕುವುದು, ಬಾಟಲಿ ತುಂಬಿದಾಗ ಬಿಡಿಸಿ ಬೇರೆ ಬಾಟಲಿಗಳಿಗೆ ಹಂಚುವುದು, ಅವುಗಳ ಊಟವನ್ನು ಅಳೆದು ಕಲಸಿ ಸೋಸಿ ಇಡುವುದು ಅಡುಗೆ ಮೇಡಂ ಕೆಲಸ. ಹೆಸರು ಬಂದದ್ದೂ ಅಲ್ಲಿಂದಲೇ. ಮನೆಯಲ್ಲಿ ಅಡುಗೆ ಮಾಡುವವರು ಬಸ್ ಚಾಲಕರಾದ ಅವರ ಗಂಡ. "ನಾನು ಮಾಡಿದ್ದನ್ನ ಇವು ಮಾತ್ರ ಬಾಯಿಮುಚ್ಚಿಕೊಂಡು ತಿಂತಾವೆ," ಎನ್ನುತ್ತಾರೆ ಮೇಡಂ.

ಇಲ್ಲಿ ನಡೆಯುವುದು ಗಿಡಮೂಲಿಕೆಗಳ ಪರೀಕ್ಷೆ. ಎಲೆಯನ್ನೋ ತೊಗಟೆಯನ್ನೋ ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್‌ನಲ್ಲಿ ನೆನೆಹಾಕಿ ಸಾರ ತೆಗೆಯುತ್ತಾರೆ. ಅಂಗೈಯಗಲದ ತಟ್ಟೆಯೊಂದರಲ್ಲಿ ಸಾಲು ಸಾಲು ಪುಟ್ಟ ಗುಳಿಗಳು, ಗುಳಿಗಳಲ್ಲಿ ಕೋಶಗಳು. ಒಂದೊಂದು ಸಾಲಿಗೆ ಒಂದೊಂದು ಪ್ರಮಾಣದ ಸಾರ. ಎರಡು ದಿನ ಬಿಟ್ಟು ಹಳದಿ ಬಣ್ಣವೊಂದನ್ನು ಹಾಕಿದರೆ, ಜೀವವಿರುವ ಕೋಶಗಳು ಅದನ್ನು ನೇರಳೆ ಮಾಡುತ್ತವೆ. ಸತ್ತವು ಸುಮ್ಮನಿರುತ್ತವೆ. ಪ್ರತಿ ತಟ್ಟೆಯಲ್ಲೂ ಒಂದು ಸಾಲಿಗೆ ಯಾವ ಸಾರವನ್ನೂ ಹಾಕುವುದಿಲ್ಲ. ಅದು ಗಾಢ ನೇರಳೆಗೆ ತಿರುಗಲೇಬೇಕು. ಅದೇ ಮಂಕಾದರೆ ಉಳಿದ ಸಾಲುಗಳಲ್ಲಿ ಸತ್ತದ್ದಕ್ಕೆ ಅರ್ಥವೇ ಇಲ್ಲ. ಎಲೆ ಕೊಂದಿತೋ, ನೋಡಿಕೊಳ್ಳುವವರ ಅಜಾಗರೂಕತೆ ಕೊಂದಿತೋ ಹೇಳುವವರು ಯಾರು?

ಹಾಗಾಗಿ ಈಕೆಗೆ ಭಾನುವಾರ ಎನ್ನುವುದಿಲ್ಲ. ಮೊದಲು ಚಿಕ್ಕದೊಂದು ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುತ್ತಿದ್ದರು. ಮಗಳು ಹುಟ್ಟಿದ ವರ್ಷ ಇಲ್ಲಿಗೆ ಬಂದರು. ಆ ಮಗಳು ಈಗ ಕಾಲೇಜು ಮುಗಿಸುತ್ತಿದ್ದಾಳೆ, ಅಮ್ಮನ ಕೆಲಸ ಮಾತ್ರ ಇನ್ನೂ ವರ್ಷ ವರ್ಷ ನವೀಕರಣವಾಗುವ ಗುತ್ತಿಗೆಯಲ್ಲೇ ಇದೆ. ದಿನಕ್ಕೆ ಮೂವತ್ತು ನಲವತ್ತು ಬಾಟಲಿ, ನಾಲ್ಕೈದು ತಟ್ಟೆ. ತೋಳು ಎತ್ತಿ ಹಿಡಿದು ಹಿಡಿದು ಬಲಭುಜ ಹಿಡಿದುಕೊಂಡಿದೆ. ಬಟ್ಟೆ ಒಗೆದು ಹಿಂಡುವ ಕೆಲಸ ಎಡಗೈಯದು. ಹುದುಗು ಬಂದ ಹಿಟ್ಟನ್ನು ಅವರು ಮುಟ್ಟುವುದೇ ಇಲ್ಲ. ಕೈಗಂಟಿದ ಒಂದು ಕಣ ಹುದುಗು ಬಾಟಲಿಗೆ ಬಿದ್ದರೂ ತಿಂಗಳ ಕೆಲಸ ಕೆಟ್ಟುಹೋಗುತ್ತದಂತೆ. ಮನೆಯಲ್ಲಿ ಇದೊಂದು ನಿತ್ಯದ ತಮಾಷೆ: "ಅಮ್ಮ ಬಂದ್ಳು, ಹಿಟ್ಟು ಮುಚ್ಚಿಡಿ!"

ಅಕ್ಕ ಟೈಲರ್. ಪಕ್ಕದ ಬೀದಿಯಲ್ಲೇ ಮನೆ, ಸಂಜೆ ಊಟ ತಂಗಿಯ ಮನೆಯಲ್ಲಿ. ಖಾಯಿಲೆ ಬಂದ ಮೇಲೂ ಬಾಯಿ ಒಂದಿಷ್ಟೂ ಸೋತಿಲ್ಲ. "ಒಡಹುಟ್ಟಿದವಳು ನಾನಿಲ್ಲಿ ಒದ್ದಾಡ್ತಿದ್ರೆ, ನೀನು ಹೋಗಿ ಅದಕ್ಕೇ ಊಟ ಹಾಕಿ ಬರ್ತೀಯಲ್ಲೇ!" ಎಂದು ಕೆಣಕುತ್ತಿದ್ದರಂತೆ. ಆಸ್ಪತ್ರೆಯಲ್ಲಿ ಎರಡು ಸಲ ಕೀಮೋ ಔಷಧಿಯ ಡ್ರಿಪ್ ಹಾಕಿಸಿಕೊಂಡು ಬಂದಿದ್ದರು. ಕೂದಲು ಉದುರಿತ್ತು, ಬೆರಳ ತುದಿ ಜೋಮು ಹಿಡಿದು ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಟೈಲರಿಗೆ ಕೂದಲಿಗಿಂತ ದೊಡ್ಡ ನಷ್ಟ ಅದು.

ಅಂಥ ಒಂದು ಸಂಜೆ ಊಟಕ್ಕೆ ಕೂತಾಗ ಮೇಡಂ ಬಾಯಿಂದ ಮಾತು ಜಾರಿತು. ಹೊಸದಾಗಿ ಬಂದ ಎಲೆಯೊಂದು ಇಡೀ ಸಾಲಿಗೆ ಸಾಲನ್ನೇ ಮಲಗಿಸಿಬಿಟ್ಟಿದೆ ಎಂದರು. ಗಿಡದ ಹೆಸರನ್ನೂ ಹೇಳಿದರು. ಗೋಡೆ ಬದಿಯಲ್ಲಿ ತಾನಾಗೇ ಬೆಳೆಯುವ ಗಿಡ ಅದು.

"ಕೆಲಸದ ಮಾತು ಅಂತ ಆಡಿದೆ. ಅಕ್ಕ ಅದನ್ನ ಔಷಧಿ ಚೀಟಿ ಅಂತ ಕೇಳಿಸ್ಕೊಂಡ್ಳು," ಎನ್ನುತ್ತಾ ಮೇಡಂ ಬಾಟಲಿಯ ಮುಚ್ಚಳ ತಿರುಗಿಸುತ್ತಾರೆ.

ಮರುದಿನದಿಂದಲೇ ಅಕ್ಕನ ಮನೆಯಲ್ಲಿ ಕಷಾಯ. ಮುಂದಿನ ಡ್ರಿಪ್ಪಿಗೆ ಮೈ ಸರಿಯಿಲ್ಲವೆಂದು ನೆವ ಹೇಳಿದರು, ಅದರ ಮುಂದಿನದಕ್ಕೆ ನೆವವನ್ನೂ ಹೇಳಲಿಲ್ಲ. ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವರು ಮೇಡಂ ಗಂಡ. ಆಸ್ಪತ್ರೆಯಲ್ಲಿ ಲಿವರ್ ಏಟು ತಿಂದಿದೆ ಎಂದರು. ಅದು ಸುಧಾರಿಸುವವರೆಗೆ ಡ್ರಿಪ್ ಹಾಕಲಾಗದು ಎಂದೂ ಹೇಳಿದರು. ಅಕ್ಕ ಜಗ್ಗಲಿಲ್ಲ. "ಎಲೆ ನಿಮ್ಮ ಲ್ಯಾಬಲ್ಲಿ ಕೆಲಸ ಮಾಡುತ್ತೆ, ನನ್ನ ಹೊಟ್ಟೇಲಿ ಯಾಕೆ ಮಾಡಲ್ಲ?" ಎಂಬುದೊಂದೇ ಪ್ರಶ್ನೆ.

ಮೇಡಂ ವಾದಕ್ಕಿಳಿಯಲಿಲ್ಲ. ಮುಖ್ಯಸ್ಥರ ಅನುಮತಿ ಕೇಳಿ, ಒಂದು ಮಧ್ಯಾಹ್ನ ಅಕ್ಕನನ್ನು ಇದೇ ಗಾಜಿನ ಹೊರಗಿನ ಮೇಜಿಗೆ ಕರೆತಂದರು. "ಕರ್ಕೊಂಡು ಬನ್ನಿ, ನನಗಿಂತ ನೀವೇ ಚೆನ್ನಾಗಿ ಹೇಳ್ತೀರಿ," ಎಂದು ಮುಖ್ಯಸ್ಥರು ಕುರ್ಚಿಯನ್ನೂ ಹಾಕಿಸಿದ್ದರು. ಬಣ್ಣ ಹಾಕಿ ಮುಗಿದ ತಟ್ಟೆ ಮೇಜಿನ ಮೇಲಿತ್ತು. ಎಲೆಯ ಸಾರ ಬಿದ್ದ ಸಾಲು ಹಳದಿಯಾಗಿಯೇ ಉಳಿದಿತ್ತು.

"ಸತ್ತಿವೆ ತಾನೆ?" ಅಕ್ಕನ ಮುಖ ಅರಳಿತು. "ನಾನು ಹೇಳ್ಲಿಲ್ವಾ!"

"ಸತ್ತಿವೆ ಅಕ್ಕ. ಈಗ ಈ ಪಕ್ಕದ ತಟ್ಟೆ ನೋಡು. ಅದೇ ಎಲೆ, ಅಷ್ಟೇ ಹನಿ."

"ಇದೂ ಹಳದಿನೇ. ಇದು ಯಾವ ಕ್ಯಾನ್ಸರು?"

"ಯಾವುದೂ ಅಲ್ಲ. ಖಾಯಿಲೆಯೇ ಇಲ್ಲದ ಒಳ್ಳೇ ಕೋಶ."

ಅಕ್ಕ ಎರಡೂ ತಟ್ಟೆಗಳನ್ನು ಹತ್ತಿರಕ್ಕೆಳೆದು ಹೋಲಿಸಿ ನೋಡಿದರಂತೆ. ಆಮೇಲೆ ರೇಗಿದರು. "ಮತ್ತೆ ಇಷ್ಟು ವರ್ಷ ಇಲ್ಲಿ ಕೂತು ನೀವು ಕಡಿದು ಕಟ್ಟೆ ಹಾಕಿದ್ದೇನು?"

ಆಗ ಮೇಡಂ ಹೇಳಿದ ಮಾತು ಅಕ್ಕನಿಗೆ ಗೊತ್ತೇ ಇರಲಿಲ್ಲ. ಆಸ್ಪತ್ರೆಯಲ್ಲಿ ಅವರಿಗೆ ಹಾಕುತ್ತಿದ್ದ ಡ್ರಿಪ್ಪಿನ ಔಷಧಿಯೂ ಮೊದಲು ಸಿಕ್ಕಿದ್ದು ಒಂದು ಮರದ ತೊಗಟೆಯಲ್ಲಿ. ತೊಗಟೆಯಿಂದ ಬಾಟಲಿಗೆ ಬರಲು ಮೂವತ್ತು ವರ್ಷದಷ್ಟು ಕಾಲ ಹಿಡಿಯಿತು. ಎಷ್ಟು ಕೊಟ್ಟರೆ ಖಾಯಿಲೆ ಸಾಯುತ್ತದೆ, ಎಷ್ಟು ಕೊಟ್ಟರೆ ಮನುಷ್ಯ ತಡೆಯುತ್ತಾನೆ ಎಂದು ಅಳೆಯುವುದರಲ್ಲೇ ಹೆಚ್ಚಿನ ಕಾಲ ಹೋಯಿತು. ಬಂದ ಸಾವಿರ ಗಿಡಗಳಲ್ಲಿ ಬಹುಪಾಲು ಇಂಥ ತಟ್ಟೆಗಳಲ್ಲೇ ಮುಗಿಯುತ್ತವೆ.

"ಮರದ್ದು ಅಂತ ಮೊದಲೇ ಬೊಗಳೋಕೆ ಏನಾಗಿತ್ತೇ ನಿನಗೆ?" ಎಂದರಂತೆ ಅಕ್ಕ. "ಮುಖ ಸಿಂಡರಿಸದೆ ಹಾಕಿಸ್ಕೊಳ್ತಿದ್ದೆ."

ಅಂದಿನಿಂದ ಕಷಾಯದ ಪಾತ್ರೆಯಲ್ಲಿ ಅಕ್ಕ ಬಟ್ಟೆಗೆ ಗಂಜಿ ಕಲಸುತ್ತಿದ್ದಾರೆ. ಲಿವರ್ ಮಾತ್ರ ಅಷ್ಟು ಬೇಗ ಮಾತು ಕೇಳಲಿಲ್ಲ. ಕಳೆದೆರಡು ಪರೀಕ್ಷೆಯಲ್ಲೂ 'ಇನ್ನೂ ಕಾಯಿರಿ' ಎಂದೇ ಉತ್ತರ. ಕಾಯುವಷ್ಟು ದಿನವೂ ಗಡ್ಡೆಗೆ ಬಿಡುವು. ಅದು ಈ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಕೋಶಗಳು ಹೇಗೆ ಒಂದು ಎರಡಾಗುತ್ತವೆ ಎಂದು ದಿನ ಬೆಳಗಾದರೆ ನೋಡುವ ಕಣ್ಣು ಅದು.

ಮಧ್ಯಾಹ್ನದ ಹೊತ್ತಿಗೆ ಮೊಬೈಲ್ ನನ್ನ ತೊಡೆಯ ಮೇಲೆ ಹೊಡೆದುಕೊಳ್ಳುತ್ತದೆ. ಪರದೆಯ ಮೇಲೆ 'ಅಕ್ಕ'. ಗಾಜು ತಟ್ಟುತ್ತೇನೆ.

ಮೇಡಂ ತಲೆ ಎತ್ತುತ್ತಾರೆ. ಕೈಯಲ್ಲಿ ತೆರೆದ ಬಾಟಲಿ. ಓಡಿ ಬರುವುದಿಲ್ಲ. ಮುಚ್ಚಳ ಹಾಕಿ, ಬೀರುವಿನಲ್ಲಿಟ್ಟು, ಬಾಗಿಲು ಒತ್ತಿ ಮುಚ್ಚಿ, ಕೈಗವಸು ಕಳಚಿ ಹೊರಗೆ ಬರುವಷ್ಟರಲ್ಲಿ ಕರೆ ನಿಂತು ಮತ್ತೆ ಶುರುವಾಗಿರುತ್ತದೆ. ಸ್ಪೀಕರ್ ಹಾಕುವ ಅಗತ್ಯವೇ ಇಲ್ಲ, ಅಕ್ಕನ ದನಿ ಇಡೀ ಮಹಡಿಗೆ ಕೇಳುತ್ತದೆ.

"ಎಲ್ಲಿ ಸತ್ತಿದ್ದೆಯೇ? ಲಿವರ್ ರಿಪೋರ್ಟಿನ ಅಂಕಿ ಇಳಿದಿದೆಯಂತೆ ಕಣೇ! ಸೋಮವಾರ ಬನ್ನಿ ಅಂದ್ರು. ತೊಗಟೆ ಹಾಕ್ತಾರಂತೆ. ಅರ್ಧ ಪ್ರಮಾಣದಿಂದ ಶುರು. ನೀನು ರಜ ಹಾಕು."

"ಹಾಕ್ತೀನಿ ಅಕ್ಕ." ಮೇಡಂ ಮೊಬೈಲನ್ನು ಮತ್ತೆ ನನ್ನ ಕೈಗಿಡುತ್ತಾರೆ.

ಮತ್ತೆ ಕೈ ತೊಳೆಯಲು ನಿಂತವರು ತಿರುಗಿ ಹೇಳುತ್ತಾರೆ. "ಎಲ್ಲಾ ಬರೀರಿ, ಆ ಗಿಡದ ಹೆಸರೊಂದು ಬರೀಬೇಡಿ. ಭಾನುವಾರ ಪೇಪರ್ ಓದಿ ಇನ್ಯಾರದೋ ಅಕ್ಕ ಒಲೆ ಮೇಲೆ ಪಾತ್ರೆ ಇಡ್ತಾಳೆ."

ಬರೆದಿಲ್ಲ. ಹಾಗಾದರೆ ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ. ಮೇಜಿನ ಮೇಲೆ ಇಂದಿನ ತಟ್ಟೆ ಇದೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹಳದಿ, ಮಾಸಲು, ತಿಳಿ ನೇರಳೆ. ಕೊನೆಯ ಸಾಲು ಮಾತ್ರ ತುದಿಯಿಂದ ತುದಿಗೆ ಗಾಢ ನೇರಳೆ.

"ಏನೂ ಹಾಕದ ಸಾಲು ಚೆನ್ನಾಗಿ ಬದುಕಿತ್ತು ಅಂತ ಬರೀರಿ," ಎನ್ನುತ್ತಾರೆ. "ಅದೊಂದು ಪೂರ್ತಿ ನನ್ನ ಕೈಕೆಲಸ."