ಸೆರಗಿನ ಮೇಲಿನ ರಫು

ಬೆಳಗಿನ ಆರೂವರೆ. ಮುಂಬಯಿಯ ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನ ಗದ್ದಲ ಇನ್ನೂ ಇಳಿದಿಲ್ಲ. ಗಲ್ಲಿಯೊಳಗಿನ, ಚಿತ್ರಗಳಿಗೆ ಫ್ರೇಮು ಹಾಕುವ ಅಂಗಡಿಯ ಮಾಳಿಗೆಯಲ್ಲಿ ಬೀಬೀಜಾನ ಎರಡು ಸಲ ಬಾಯಿ ಮುಕ್ಕಳಿಸಿ, ಕಿಟಕಿಯ ಬೆಳಕಿಗೆ ಸ್ಟೂಲು ಎಳೆದುಕೊಳ್ಳುತ್ತಾರೆ. ಕಡ್ಡಿಗೆ ಸುತ್ತಿದ ಹತ್ತಿಯನ್ನು ನಾಲಿಗೆಗೆ ತಾಗಿಸಿ, ಎದುರಿನ ಹಳೆಯ ಚಿತ್ರದ ಹೆಂಗಸಿನ ಕೆನ್ನೆಯ ಮೇಲೆ ಮೆಲ್ಲಗೆ ಉರುಳಿಸುತ್ತಾರೆ. ಹತ್ತಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ನೂರು ವರ್ಷದ ಹೊಗೆ ಅದು.

ಮುತ್ತಿನ ಸರ, ಕಸೂತಿಯ ರೇಷ್ಮೆ ಸೀರೆ, ಕೈಯಲ್ಲಿ ಬೀಸಣಿಗೆ. 1911ರಲ್ಲಿ ಬರೆಸಿದ ಈ ತೈಲಚಿತ್ರದ ಸೊಗಸುಗಾತಿ, ಚಿತ್ರದ ಇಂದಿನ ಒಡತಿ ರೋಶನ್‌ಬಾಯಿಯ ಮುತ್ತಜ್ಜಿ.

ವಿಜಯಪುರದಿಂದ ಮದುವೆಯಾಗಿ ಬಂದ ಬೀಬೀಜಾನರಿಗೆ ಈಗ ಅರವತ್ತೆರಡು. ಗಂಡ ಇಲ್ಲೇ ಪಾಲಿಶ್ ಕೆಲಸದಲ್ಲಿದ್ದರು. ಅವರು ತೀರಿಕೊಂಡ ಮೇಲೆ ಕಸ ಗುಡಿಸಲು ಬಂದವರು, ನೋಡಿ ನೋಡಿ, ಎಂಜಲಿನಿಂದ ಹಳೆಯ ಚಿತ್ರಗಳ ಕೊಳೆ ತೆಗೆಯುವ ಈ ಕೆಲಸ ಕಲಿತರು. ದಿನಕ್ಕೆ ನೂರೈವತ್ತು ಹತ್ತಿಕಡ್ಡಿ ಸವೆದರೆ ಶುಚಿಯಾಗುವುದು ಅಂಗೈಯಗಲ ಚಿತ್ರ. ರಂಜಾನಿನ ರೋಜಾ ಉಪವಾಸ ಇದ್ದಾಗ ಹತ್ತಿ ಬಾಯಿಗೆ ತಾಗಿಸುವಂತಿಲ್ಲ, ಬರೀ ಧೂಳು ಒರೆಸುವುದು.

"ಎಲಿ ಅಡಿಕಿ ಬಿಟ್ಟು ಇಪ್ಪತ್ತು ವರ್ಷ ಆತ್ರೀ. ನನ್ನ ಬಾಯಿ ಕೆಂಪಾದ್ರ ಇವರ ಗಲ್ಲನೂ ಕೆಂಪಾಗತೈತಿ," ಎಂದು ನಗುತ್ತಾರೆ.

"ವಿಲಾಯತಿ ಔಷಧ ತಂದಿಟ್ಟಿದ್ದೇನೆ, ಇವರಿಗೆ ಎಂಜಲೇ ಆಗಬೇಕು ಮಾರಾಯ್ರೆ," ಎಂದು ಅಂಗಡಿಯ ಮಾಲೀಕ ರಮಾನಾಥ ಛೇಡಿಸುತ್ತಾರೆ.

"ಆ ಔಷಧ ಹಚ್ಚಿ ಒಬ್ಬ ಸಾಹೇಬರ ಮೂಗು ಅಳಿಸಿದ್ರಲ್ಲ ಸೇಠ, ಅದನ್ನೂ ಹೇಳ್ರಿ!"

ಭಾನುವಾರ ರೋಶನ್‌ಬಾಯಿಯ ಮನೆಯಲ್ಲಿ ಮದುವೆ, ಅಷ್ಟರೊಳಗೆ ಚಿತ್ರ ಅವರ ಗೋಡೆಗೇರಬೇಕು. ಸೆರಗಿನ ಮೇಲಿದ್ದ ಕಂದು ಕಲೆ ಹೋಗಲೇಬೇಕು, ಹೋಗದಿದ್ದರೆ ಮೇಲೆ ಬಣ್ಣ ಬಳಿಯಿರಿ ಎಂದಿದ್ದರು. ಬೀಬೀಜಾನ ಎರಡು ದಿನ ಉಜ್ಜಿದರು. ಹತ್ತಿ ಬೆಳ್ಳಗೇ ಬಂತು, ಕಲೆ ಕದಲಲಿಲ್ಲ. ರಮಾನಾಥ ಬಣ್ಣ ಕಲಸಿದರು. ಕೊನೆಯ ಸಲವೆಂದು ಭೂತಗನ್ನಡಿ ಹಿಡಿದ ಬೀಬೀಜಾನ, ಅವರ ಕೈಯ ಕುಂಚ ಹಿಡಿದು ನಿಲ್ಲಿಸಿದರು. ಅದು ಕಲೆಯಲ್ಲ, ರಫು. ಹರಿದಲ್ಲಿ ಎಳೆಗೆ ಎಳೆ ಕೂಡಿಸಿದ್ದ ಹೊಲಿಗೆಯನ್ನು ಚಿತ್ರಕಾರ ಇದ್ದಂತೆಯೇ ಬರೆದಿದ್ದ. ಬೀಬೀಜಾನರ ತಾಯಿ ಊರ ಮಂದಿಯ ಶಾಲು, ಶೇರವಾನಿಗಳಿಗೆ ರಫು ಹಾಕಿ ಮಕ್ಕಳನ್ನು ಸಾಕಿದವರು.

"ಇಷ್ಟು ದೊಡ್ಡ ಮನೆತನದವರು ಹರಕು ಸೀರೆ ಉಟ್ಟು ಕೂತಿದ್ದರೇ?" ಎಂದು ನೋಡಲು ಬಂದ ರೋಶನ್‌ಬಾಯಿ ಹಿಂದಿಯಲ್ಲಿ ಸಿಡುಕಿದರಂತೆ. ಅವರಿಗೆ ಕೊಟ್ಟ ಉತ್ತರವನ್ನು ಬೀಬೀಜಾನ ಕನ್ನಡದಲ್ಲಿ ಹೇಳುತ್ತಾರೆ: "ಕಪಾಟ ತುಂಬ ಸೀರಿ ಇದ್ದಾಗೂ ಇದನ್ನ ಉಟ್ಟು ಕುಂತಾರಂದ್ರ, ಇದರ ಮ್ಯಾಲ ಎಷ್ಟು ಜೀವ ಇತ್ತೋ ಏನೋ. ಅವರೇ ಮುಚ್ಚಿಲ್ಲ, ನಾವ್ಯಾಕ ಮುಚ್ಚೂಣ್ರೀ ಅಂದೆ."

ರೋಶನ್‌ಬಾಯಿ ಭೂತಗನ್ನಡಿ ಇಸಿದುಕೊಂಡು ಬಹಳ ಹೊತ್ತು ನೋಡಿದರು. "ರೆಹನೇ ದೋ," ಎಂದರು. ಇರಲಿ ಬಿಡಿ.

ಇನ್ನು ಉಳಿದಿರುವುದು ಅರ್ಧ ಕೆನ್ನೆ. ಬೀಬೀಜಾನ ಹೊಸ ಹತ್ತಿ ಸುತ್ತುತ್ತಾರೆ.

"ಮದವಿಗೆ ಬಂದ ಮಂದಿ ಮುತ್ತಿನ ಸರ ನೋಡ್ಲಿ ಬಿಡ್ರಿ. ಯಾರರೆ ಒಬ್ಬಾಕಿ ಈ ರಫು ನೋಡಿ, ಕೈ ಚಲೋ ಐತಿ ಅಂದ್ರ ಸಾಕು. ನಮ್ಮಮ್ಮ ಇದ್ದಿದ್ರ ಮೊದಲ ಅದನ್ನ ನೋಡತಿದ್ಲು."